ದಾಕ್ಷಿಣ್ಯದ ಮುದ್ದೆ

ಇನ್ನೂ ಅಲ್ಲೇ ಕೂತಿದೆ, ತಟ್ಟೆಯ ನಡುವೆ, ಮೊಟ್ಟೆ ಸ್ಯಾಂಡ್‌ವಿಚ್ಚಿನ ನಾಲ್ಕನೆಯ ತುಂಡು, ಮೂಲೆಯಿಂದ ಹಳದಿ ಇಣುಕುತ್ತಿದೆ, ಮೂವರೂ ಒಂದೊಂದು ತಿಂದಾಯಿತು, ಈಗ ಮೂವರೂ ಕಾಫಿ ಅಂಗಡಿಯ ಕಿಟಕಿಯಾಚೆ ನೋಡುತ್ತಿದ್ದಾರೆ, ಆಚೆ ನೋಡುವಂಥದ್ದು ಏನಿದೆ, ಒಂದು ಸೈಕಲ್ಲು, ಒಂದು ಅಂಚೆಡಬ್ಬಿ — ಫುಸಾ ನೀನು ತಗೊಳ್ಳೇ, ಅಯ್ಯೋ ನಂಗೆ ಹೊಟ್ಟೆ ತುಂಬಿದೆ, ನೀನೇ ತಗೋ ಚಿನಾಮಿ, ಇಲ್ಲಪ್ಪ ಇಲ್ಲ — ಹೀಗೆ ಕೊನೆಗೆ ಉಳಿದು ಯಾರೂ ಮುಟ್ಟದ ತುಂಡಿಗೆ ಈ ಕೋಬೆ ಊರಿನ ಜನ ದಾಕ್ಷಿಣ್ಯದ ಮುದ್ದೆ ಎನ್ನುತ್ತಾರೆ, ಚಿನಾಮಿಯ ಅಜ್ಜಿ ಅದನ್ನು ಬೆರಳಿಟ್ಟು ತೋರಿಸಿ ನಗುತ್ತಿದ್ದಳು, ನಕ್ಕು ತಾನೂ ಮುಟ್ಟುತ್ತಿರಲಿಲ್ಲ. ಆದರೆ ಈ ಮಸುಯೊಗೆ ಏನಾಗಿದೆ, ಒಸಾಕಾದ ಹೆಣ್ಣು, ಮೂವರೂ ಒಂದೇ ಬೇಕರಿಯಲ್ಲಿ ಕೆಲಸ ಕಲಿತ ಕಾಲದಿಂದಲೂ ಯಾವ ತಟ್ಟೆಯ ಕೊನೆಯ ತುಂಡಿಗೂ ವಾರಸುದಾರಳು ಅವಳೇ, ನಿಮ್ಮ ಮರ್ಯಾದೆ ನಿಮಗೇ ಇರಲಿ ಎಂದು ಬಾಯಿಗೆ ಹಾಕಿಕೊಳ್ಳುವವಳು, ಇವತ್ತು ಕೈ ಕಟ್ಟಿ ಕೂತಿದ್ದಾಳೆ, ಕೇಳಿದರೆ ಡಯಟ್ ಅಂತೆ, ಬೆಕ್ಕು ಏಕಾದಶಿ ಮಾಡಿದ ಹಾಗೆ. ಹೋಗಲಿ. ಚಿನಾಮಿ ಹೇಳಬೇಕಾದ ಮಾತೇ ಬೇರೆ ಇದೆ, ಸಂಜೆ ಫುಸಾ ತನ್ನೂರು ತಕಾಮಾತ್ಸುವಿನ ಹಡಗು ಹತ್ತುವುದರೊಳಗೆ ಹೇಳಿಬಿಡಬೇಕು, ಒಂದೇ ವಾಕ್ಯ, ಒಂದು ತಿಂಗಳಿಂದ ತನ್ನ ಬ್ರೆಡ್ಡಿನಂಗಡಿಯ ಹಿಟ್ಟು ನಾದುವ ಯಂತ್ರದ ಮುಂದೆ ಗಟ್ಟಿಮಾಡಿಕೊಂಡದ್ದು, ಬಾ ಫುಸಾ, ನನ್ನ ಅಂಗಡಿ ಇಬ್ಬರೂ ನಡೆಸೋಣ. ಅಲ್ಲಿಗೆ ಮುಗಿಯಿತು. ಹೇಳಲು ಎಷ್ಟು ಹೊತ್ತು.

ಏರು, ಏರು, ಈ ಊರಿಗೆ ಎರಡೇ ದಿಕ್ಕು, ಬೆಟ್ಟದ ಕಡೆ ಮತ್ತು ಕಡಲ ಕಡೆ, ಈಗ ಬೆಟ್ಟದ ಕಡೆ, ಹಳೆಯ ಪರದೇಶಿ ಸಾಹುಕಾರರ ಮನೆಗಳ ಓಣಿ, ಹೆಂಚಿನ ಮೇಲೆ ಗಾಳಿಗೆ ತಿರುಗುವ ತಗಡಿನ ಕೋಳಿ, ಅದರ ಮೇಲೆ ಒಂದು ಹದ್ದು ಸುತ್ತು ಹೊಡೆಯುತ್ತಿದೆ, ಮಸುಯೊ ಏದುಸಿರು ಬಿಡುತ್ತ ಇಷ್ಟು ಮೇಲೆ ಮನೆ ಕಟ್ಟಿದೋರಿಗೆ ಮಂಡಿ ಇರ್ಲಿಲ್ವೇನೇ ಎನ್ನುತ್ತಾಳೆ, ಫುಸಾ ನಗುತ್ತಾಳೆ, ಅದೇ ನಗು, ಮೂಗು ಮೊದಲು ನಕ್ಕು ಆಮೇಲೆ ಬಾಯಿ, ಎಷ್ಟು ಚೆಂದ ಇದೆ ಈ ದಿನ, ಚಿನಾಮಿಗೆ ಸುಮ್ಮನೆ ಖುಷಿ, ಮಂಗಳವಾರ ಅಂಗಡಿಗೆ ರಜೆ, ಇಲ್ಲೇ ಹುಟ್ಟಿ ಬೆಳೆದೂ ದುಡ್ಡು ಕೊಟ್ಟು ಈ ಮನೆಗಳೊಳಗೆ ಹೋದವಳಲ್ಲ, ಇವತ್ತು ಗೆಳತಿಯರ ದೆಸೆಯಿಂದ ತಾನೂ ಪ್ರವಾಸಿ. ಒಂದು ಮನೆಯಲ್ಲಿ ಒಂದು ಕುರ್ಚಿ, ಕೂತು ಬೇಡಿದರೆ ಈಡೇರುತ್ತದಂತೆ, ಚಿನಾಮಿ ಸಾಲಿನಲ್ಲಿ ನಿಂತು ಕೂತಳು, ಬೇಡಿದ್ದೇನು, ಬೇಡಲಿಕ್ಕಿದ್ದದ್ದೇ ಅದೊಂದು, ಆಮೇಲೆ ಫುಸಾ ಕೂತಳು, ಎಷ್ಟು ಹೊತ್ತು ಕಣ್ಣು ಮುಚ್ಚಿದ್ದಳೆಂದರೆ ಹಿಂದಿನವರು ಕೆಮ್ಮತೊಡಗಿದರು. ಏನು ಕೇಳ್ಕೊಂಡೆ? ಹೇಳಿದ್ರೆ ಫಲಿಸಲ್ಲ. ಮಸುಯೊ ಮಾತ್ರ ನಂಗೆ ಒಂದೇ ಆಸೆ, ಈ ಇಬ್ಬರು ಮೂಗಿಯರಿಗೆ ಬಾಯಿ ಬರ್ಲಿ ಎಂದಳು, ಇದೆಂಥ ಮಾತು, ಬೆಳಗಿನಿಂದ ವಟಗುಟ್ಟುತ್ತಲೇ ಇದ್ದೇವಲ್ಲ. ಇಳಿಜಾರಿನಲ್ಲಿ ಫುಸಾ ತೋಳು ಹಿಡಿದುಕೊಂಡಳು, ಅಂಗೈ ಇನ್ನೂ ಒರಟು, ಹಿಟ್ಟಿನ ಕೈ, ನಾದಿದರೆ ಹಿಟ್ಟು ಹಸುಗೂಸಿನ ಕೆನ್ನೆಯಾಗುತ್ತದೆ, ಆ ಕೈ ನಾಳೆ ಸೂಪರ್‌ಮಾರ್ಕೆಟ್ಟಿಗೆ ಹ್ಞೂಂ ಎನ್ನಲಿದೆ, ಎಲ್ಲಿಂದಲೋ ಬರುವ ಮಂಜುಗಟ್ಟಿದ ಬ್ರೆಡ್ಡು ಬಿಸಿ ಮಾಡುವ ಕೆಲಸ, ಅವಳ ಅಂಗಡಿಯಿದ್ದ ಕಟ್ಟಡ ಕೆಡವಿದರು, ಏನು ಮಾಡುತ್ತಾಳೆ ಪಾಪ. ಇತ್ತ ಅಂಗಡಿಯಲ್ಲಿ ಚಿನಾಮಿಯ ಜೊತೆಗಿದ್ದ ಅಕ್ಕ ಸೊಂಟನೋವೆಂದು ಕೆಲಸ ಬಿಟ್ಟಳು, ಎರಡು ಒಲೆಯಲ್ಲಿ ಒಂದು ತಣ್ಣಗಿದೆ, ಕೇಳಬಾರದೇ, ಕೇಳಬಹುದು, ಆದರೆ ಸ್ವಂತ ಅಂಗಡಿಯ ಯಜಮಾನಿಯಾಗಿದ್ದವಳು ಇನ್ನೊಬ್ಬಳ ಒಲೆಯ ಮುಂದೆ — ಅದೂ ಇರಲಿ, ಕಷ್ಟ ಬೇರೆ, ಫುಸಾಗೆ ಇಲ್ಲ ಎನ್ನಲು ಬರುವುದಿಲ್ಲ. ಬೇಕರಿಯ ಮೇಸ್ತ್ರಿ ನಸುಕಿನ ಪಾಳಿ ಮಾಡ್ತೀಯೇನಮ್ಮ ಎಂದಾಗ ಹ್ಞೂಂ ಎಂದವಳು, ಎರಡು ಚಳಿಗಾಲ ಅವಳೊಬ್ಬಳೇ ಮಾಡಿದಳು, ಬೆರಳು ಬಿರಿದು ನೆತ್ತರು ಬಂದರೂ ಹ್ಞೂಂ, ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬುದು ಅವಳ ಪಾಲಿಗೇ ಹುಟ್ಟಿದ ಗಾದೆ, ಚಿನಾಮಿ ಬಾ ಎಂದರೆ ಬಂದೇ ಬರುತ್ತಾಳೆ, ಮನಸ್ಸಿಲ್ಲದಿದ್ದರೂ ಬರುತ್ತಾಳೆ, ಆಗ ಅದು ಕರೆದಂತಾಯಿತೇ, ಕಟ್ಟಿಹಾಕಿದಂತಾಯಿತೇ.

ಚೀನೀಯರ ಪೇಟೆ, ಹಬೆ, ಕೂಗು, ಕೆಂಪು ಗೂಡುದೀಪ, ತಟ್ಟೆಗೆ ಏಳು ಗ್ಯೋಜಾ ಕಡುಬು, ಹುದುಗಿಸಿದ ಸೋಯಾಕಾಳಿನ ಗೊಜ್ಜಿನಲ್ಲಿ ಅದ್ದಿ, ತಲಾ ಎರಡು, ಮತ್ತೆ ಒಂದು — ಓ, ಮತ್ತೆ ಅದೇ, ತಟ್ಟೆಯ ನಡುವೆ ಒಂಟಿ, ತಳ ಕೆಂಪಗೆ ಸುಟ್ಟದ್ದು, ಬಾಯಲ್ಲಿ ನೀರು, ಕೈ ಏಳದು, ಮಸುಯೊ ಅದನ್ನು ಕಣ್ಣಲ್ಲೇ ನುಂಗುತ್ತಿದ್ದಾಳೆ, ಆದರೂ ಮುಟ್ಟುತ್ತಿಲ್ಲ. ಅಂಗಡಿಯವನು ತಟ್ಟೆ ಎತ್ತಿಕೊಂಡು ಹೋದ, ಹೇಳಬೇಕಿದ್ದ ಮಾತೂ ಅದರ ಜೊತೆಗೇ ಹೋಯಿತು. ಕಡಲ ಕಡೆ, ಈಗ ಇಳಿಜಾರೇ, ಕೈಯಲ್ಲಿ ಬಿಸಿ ಡಬ್ಬಿ, ಹಂದಿಮಾಂಸದ ಹಬೆಬನ್ನು, ಮೂವರಿದ್ದೇವೆ ನಾಲ್ಕು ಯಾಕೇ ಕೊಂಡೆ ಮಸುಯೊ, ಮೂರೇ ಕೊಂಡ್ರೆ ಡಬ್ಬಿ ಬಿಕೋ ಅನ್ನುತ್ತೆ ಕಣೇ.

ಬಂದರಿನ ಕಲ್ಲುಬೆಂಚು, ಕೆಂಪು ಗೋಪುರದ ನೆರಳು ನೀರಿನಲ್ಲಿ ಡೊಂಕಾಗಿ ಕುಣಿಯುತ್ತಿದೆ, ಉಪ್ಪುಗಾಳಿ, ಹದ್ದಿದೆ ಎಚ್ಚರ ಎಂಬ ಫಲಕ, ಅದರ ಕೆಳಗೇ ಕೂತು ತಿಂದರು, ಬಾಯಿ ಸುಟ್ಟುಕೊಂಡು, ಊದಿ ಊದಿ, ಫುಸಾಳ ಗಲ್ಲದ ಮೇಲೆ ಎಣ್ಣೆ ಇಳಿಯಿತು, ಒರೆಸಲು ಹೋಗಿ ಚಿನಾಮಿ ಇನ್ನಷ್ಟು ಬಳಿದಳು, ಇಬ್ಬರೂ ನಕ್ಕು ಕಣ್ಣಲ್ಲಿ ನೀರು, ಈಗ ಹೇಳು, ಈಗಲೇ, ಹಡಗುಕಟ್ಟೆಗೆ ಹೋಗುವ ಬಸ್ಸು ಅಲ್ಲಿ ನಿಂತೇ ಇದೆ, ಬಾಗಿಲು ತೆರೆದಿದೆ. ಡಬ್ಬಿಯ ನಡುವೆ ನಾಲ್ಕನೆಯದು. ಬೆಳ್ಳಗೆ, ದುಂಡಗೆ, ನೆತ್ತಿಯ ಮೇಲೆ ಸುಳಿ. ಫುಸಾ ನೀನು ತಗೋ, ಹಡಗಲ್ಲಿ ತಿನ್ನು. ಬೇಡ ಚಿನಾಮಿ, ನಿಂಗೆ ಇಷ್ಟ ಅಲ್ವಾ. ನಂಗೇನು ದಿನಾ ಸಿಗತ್ತೆ. ಅಯ್ಯೋ ನೀನೇ. ಇಲ್ಲ ನೀನೇ — ಆಗ ನೆತ್ತಿಯ ಮೇಲೆ ಏನೋ ಕಪ್ಪಾಯಿತು, ರೆಕ್ಕೆಯ ಗಾಳಿ ಕೆನ್ನೆಗೆ ರಪ್ಪೆಂದು ಬಡಿಯಿತು, ಫುಸಾಳ ಟೋಪಿ ಉರುಳಿತು, ಡಬ್ಬಿಯಲ್ಲಿ ಬನ್ನಿಲ್ಲ, ತಳದ ಕಾಗದದ ಚೂರು ಮಾತ್ರ, ಮೂವರೂ ಬಾಯಿ ತೆರೆದು ಮೇಲೆ ನೋಡುತ್ತಿದ್ದಾರೆ, ಹದ್ದಿನ ಕಾಲಲ್ಲಿ ಬೆಳ್ಳಗೆ ಅದು, ಅಷ್ಟು ಸಲೀಸಾಗಿ, ಯಾರನ್ನೂ ಕೇಳದೆ, ಬೇಕಿತ್ತು, ತೆಗೆದುಕೊಂಡಿತು — ಬಾ ಫುಸಾ, ನನ್ನ ಅಂಗಡಿ ಇಬ್ಬರೂ ನಡೆಸೋಣ, ಹೇಳಿದ್ದು ಯಾರು, ತನ್ನದೇ ಬಾಯಿ, ಕತ್ತು ಇನ್ನೂ ಮೇಲಕ್ಕೇ ಇದೆ, ಬೇಡ ಅನ್ನಿಸಿದ್ರೆ ಬೇಡ ಅನ್ನು, ನಂಗೇನೂ ಬೇಜಾರಿಲ್ಲ, ಸುಳ್ಳು, ಬೇಜಾರಾಗುತ್ತದೆ, ತುಂಬ ಆಗುತ್ತದೆ. ಫುಸಾಳ ಮೂಗು ನಗತೊಡಗಿತು. ಕುರ್ಚೀಲಿ ಕೂತು ಕೇಳ್ಕೊಂಡಿದ್ದು ಅದನ್ನೇ ಕಣೇ, ನಿನ್ನಂಗಡಿಗೆ ಬರ್ತೀನಿ ಅಂತ ನಾನಾಗಿ ಹೇಗೆ ಹೇಳ್ಲಿ. ಬರ್ತೀನಿ. ಆದ್ರೆ ನಸುಕಿನ ಪಾಳಿ ಮಾತ್ರ ನಾನು ಮಾಡಲ್ಲ. ಮಾಡಲ್ಲ ಎಂದಳು, ಫುಸಾ, ಮಾಡಲ್ಲ ಎಂದಳು, ಇಷ್ಟು ವರ್ಷದಲ್ಲಿ ಮೊದಲ ಸಲ, ಹಾಗಾದರೆ ಆ ಬರ್ತೀನಿ ಕೂಡ ನಿಜದ್ದೇ, ಚಿನಾಮಿಗೆ ಅಳು ಬಂತೋ ನಗು ಬಂತೋ, ಪಕ್ಕದಲ್ಲಿ ಮಸುಯೊ ಹೊಟ್ಟೆ ಹಿಡಿದು ಗೊಣಗುತ್ತಿದ್ದಾಳೆ, ಇಬ್ರಲ್ಲಿ ಯಾರಾದ್ರೂ ಕೈ ಹಾಕೋವರೆಗೂ ಕೊನೇ ತುಂಡು ಮುಟ್ಟಬಾರ್ದು ಅಂತ ಬೆಳಿಗ್ಗೆಯಿಂದ ಉಪವಾಸ ಕೂತೆ, ಇಬ್ರೂ ಒಬ್ರಿಗೊಬ್ರು ತಿಳೀದ ಹಾಗೆ ನನ್ನ ಕಿವೀಲೇ ಗುಟ್ಟು ಹೇಳಿದ್ರಿ, ಕೊನೆಗೆ ಹದ್ದು ಬರಬೇಕಾಯ್ತು, ಆ ಕಡುಬು ಹೋಯ್ತಲ್ರೇ ನಂದು — ಬಸ್ಸು ಹಾರ್ನ್ ಹಾಕುತ್ತಿದೆ, ಹಾಕಲಿ, ಮೇಲೆ, ಗೋಪುರದ ತುದಿಗಿಂತ ಮೇಲೆ, ನೀಲಿಯಲ್ಲಿ, ಬೆಳ್ಳಗೆ, ದುಂಡಗೆ, ಒಂದು ಬನ್ನು.