ನೀಲಾನ ಫೋಟೋ

"ಏ ಖೋಜ್ಯಾ, ಆ ಮೂಲಿ ಇನ್ನೊಮ್ಮಿ ತೊಳಿ. ಸಂಜಿಗೆ ಹೋಗೂ ಮುಂದನೂ ಹಿಂಗ ತೊಳದು, ಗೋಮೂತ್ರ ಹೊಡದು ಹೋಗಬೇಕು. ನಾಳೆ ಇಲ್ಲಿ ಮದಿಮಗಳು ಕುಂಡ್ರಾಕಿ ಅದಾಳ."

ವೇದಿಕೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಹುಚ್ಚೀರಪ್ಪ ಆ ಮದುವೆ ಮಂಟಪದ ಮಾಲೀಕ. ನಾನು "ಆತ್ರಿ ಸಾವಕಾರ್ರ" ಎಂದು ಬಕೆಟ್ ಎತ್ತಿಕೊಂಡು ಮೂಲೆಗೆ ಹೋದೆ. ಹಿಂದಿನ ದಿನ ಯಾರದೋ ಮದುವೆಯಾಗಿತ್ತು. ಎಂಜಲೆಲೆ, ತುಳಿದ ಅಕ್ಷತೆ, ಉಗುಳಿದ ಎಲೆ-ಅಡಿಕೆ ಎಲ್ಲವನ್ನೂ ಬೆಳಿಗ್ಗೆ ಆರರಿಂದ ನಾವೇ ಬಳಿದಿದ್ದೆವು. ಬಾಡಿಗೆ ಪೂರ್ತಿ ತೆಗೆದುಕೊಂಡ ಮೇಲೂ ಮಂಟಪ ನಾವೇ ತೊಳೆಯಬೇಕೆಂಬುದು ಅವನ ಕರಾರು. ಗದಗಿನಲ್ಲಿ ಉಳಿದ ಮಂಟಪದವರು ನಮ್ಮನ್ನು ಕಂಡೊಡನೆ ಬಾಗಿಲು ಹಾಕಿದ್ದರು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ನನ್ನ ಹೆಸರು ಕಾಂಚನಾ, ಮುಂಡರಗಿ ಕಡೆಯವಳು. ಪಿಯುಸಿಯವರೆಗೆ ಗಂಡುಹುಡುಗನ ಅಂಗಿಯಲ್ಲಿ ಓದಿದೆ. ಸೀರೆ ಉಟ್ಟ ದಿನ ಅಪ್ಪ ಹೊರಗೆ ಹಾಕಿದ. ಮೂರು ವರ್ಷದಿಂದ ಬೆಟಗೇರಿಯಲ್ಲಿ ರೇಣುಕವ್ವನ ಜೊತೆ ಇದ್ದೇನೆ. ಅರವತ್ತು ದಾಟಿದ ರೇಣುಕವ್ವ ಹದಿನಾರಕ್ಕೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಗಂಡಿನ ಹೆಸರು ಬಿಟ್ಟು, ಜೋಗತಿಯಾದವಳು. ಮನೆ ಬಿಟ್ಟು ಬಂದ ನಮ್ಮಂಥವರಿಗೆಲ್ಲ ಅವಳೇ ಅವ್ವ.

ನಮ್ಮವರು ಸತ್ತಾಗಲೆಲ್ಲ ಅವರದೊಂದು ಫೋಟೋವನ್ನು ಅವಳು ಟ್ರಂಕಿನಲ್ಲಿ ಎತ್ತಿಡುತ್ತಿದ್ದಳು. ಬದುಕಿದ್ದಾಗ ತಿರುಗಿ ನೋಡದ ಮನೆಯವರು ಹೆಣಕ್ಕೆ ಬರುತ್ತಾರೆ, ಸೀರೆ ಸುಡುತ್ತಾರೆ, ಗಂಡಸಿನ ಹೆಸರಿನಲ್ಲಿ ಮಣ್ಣು ಮಾಡುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಫೋಟೋ ಒಂದೇ. ನಲವತ್ತು ವರ್ಷದಲ್ಲಿ ಮೂವತ್ತೊಂದು ಕೂಡಿದ್ದವು. ಮಂಟಪ ಹಿಡಿದದ್ದು ಅದಕ್ಕೇ: ಆ ಭಾನುವಾರ ಅವನ್ನು ಗೋಡೆಗೆ ಹಾಕುವುದು, ಒಬ್ಬೊಬ್ಬರ ಕಥೆ ಹೇಳುವುದು, ಮಧ್ಯಾಹ್ನ ಗೋದಿ ಹುಗ್ಗಿ, ಸಂಜೆ ಚೌಡಿಕೆ ಬಾರಿಸಿ ದೇವಿಯ ಪದ. ಕೈಯೊಡ್ಡಲಿಕ್ಕಲ್ಲದೆ, ಯಾರದೋ ಕೂಸನ್ನು ಹರಸಲಿಕ್ಕಲ್ಲದೆ, ನಮಗಾಗಿ ನಾವು ಈ ಊರಲ್ಲಿ ಒಂದು ಸೂರಿನಡಿ ಸೇರಿದ್ದು ಅದೇ ಮೊದಲು.

ಹತ್ತು ಗಂಟೆಗೆ ಐವತ್ತು ಅರವತ್ತು ಜನ ಬಂದರು. ಲಕ್ಷ್ಮೇಶ್ವರದಿಂದ ಟೇಲರ್ ದಾದಾಪೀರ ಬಂದ. ಅವನಿಗೆ ಹೆಂಡತಿ ಮಕ್ಕಳಿದ್ದಾರೆ. ಜೀವ ಇಟ್ಟಿದ್ದು ಮಾತ್ರ ಒಬ್ಬ ಗಂಡಸಿನ ಮೇಲೆ. ಗುರುತು ಸಿಗಬಾರದೆಂದು ಒಳಗೆ ಬಂದರೂ ಹೆಲ್ಮೆಟ್ ತೆಗೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಹುಚ್ಚೀರಪ್ಪ ಕೈ ಹಿಂದೆ ಕಟ್ಟಿಕೊಂಡು ಗೋಡೆಯುದ್ದಕ್ಕೂ ನಡೆದು ಬಂದ. ಫೋಟೋ ನೋಡುವುದಕ್ಕಲ್ಲ, ಗೋಡೆಗೆ ಮೊಳೆ ಹೊಡೆದಿದ್ದೇವೆಯೋ ಎಂದು ನೋಡುವುದಕ್ಕೆ. ಒಂದು ಫೋಟೋದ ಮುಂದೆ ನಿಂತ. ಅದರಲ್ಲಿದ್ದವಳು ಹಸಿರು ಸೀರೆ ಉಟ್ಟು, ಝುಮುಕಿ ಹಾಕಿಕೊಂಡು, ಯಾರನ್ನೋ ನೋಡಿ ನಗುತ್ತಿದ್ದಳು.

"ಇದನ್ನ ತಗೀರಿ."

"ಯಾಕ್ರಿ?" ಎಂದೆ.

"ತಗಿ ಅಂದ್ರ ತಗೀಲೇ."

ರೇಣುಕವ್ವ ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು. "ಆಕಿ ನೀಲಾರಿ. ನಿಮಗ ಗುರ್ತ ಸಿಕ್ಕಿರಬೇಕಲ್ಲ."

"ಅಂವ ನೀಲಪ್ಪ. ನಮ್ಮಣ್ಣ. ಮುಂಬೈದಾಗ ಸತ್ತ."

"ಬೆಟಗೇರ್ಯಾಗ ಸತ್ತಳು ಸಾವಕಾರ್ರ. ನನ್ನ ತೊಡಿ ಮ್ಯಾಲ. ನೀವ ಜೀಪ್ ತಗೊಂಡು ಬಂದಿದ್ರಿ."

ನೀಲಾನ ಕಥೆ ನನಗೆ ಗೊತ್ತಿತ್ತು. ಆ ತಮ್ಮ ಇವನೇ ಎಂಬುದು ಮಾತ್ರ ಗೊತ್ತಿರಲಿಲ್ಲ. ಟಿ.ಬಿ. ಆಗಿ ಸತ್ತ ನೀಲಾಳನ್ನು ಮನೆಯವರು ರೇಣುಕವ್ವನ ಹೊಸ್ತಿಲಲ್ಲೇ ಮಲಗಿಸಿ, ಸೊಂಟದವರೆಗಿದ್ದ ಕೂದಲು ಕತ್ತರಿಸಿದ್ದರು. ಬಳೆ ಒಡೆದು ಧೋತರ ಸುತ್ತಿದ್ದರು. ಜೀಪಿನ ಹಿಂದೆ ಓಡಿದ ರೇಣುಕವ್ವನನ್ನು ಒದ್ದು ಕೆಡವಿದ್ದರು. ಅಂತೂರ ಬೆಂತೂರದ ಹೊಲದಲ್ಲಿರುವ ಸಮಾಧಿ ಕಲ್ಲಿನ ಮೇಲೆ ಈಗಲೂ ನೀಲಪ್ಪ ಎಂದೇ ಇದೆ.

ಹುಚ್ಚೀರಪ್ಪ ದನಿ ತಗ್ಗಿಸಿದ. "ನನ್ನ ಮಗಳಿಗೆ ವರ ನೋಡಾಕತ್ತೀನಿ. ಈ ಖಬರ ಹೊರಗ ಬಿದ್ರ ಯಾವ ಭಾಡ್ಯಾ ನಮ್ಮ ಬಾಗಲಕ್ಕ ಬರ್ತಾನ? ಉಳಿದದ್ದು ಏನರ ಹಚ್ಕೊರ್ರಿ. ಇದೊಂದು ತಗೀರಿ. ಇಲ್ಲಂದ್ರ ಈಗಿಂದೀಗ ಎಲ್ಲಾರೂ ನಡೀರಿ ಹೊರಗ."

ಶಿರಹಟ್ಟಿಯ ಸುಶ್ಮಿತಾ ನಮ್ಮಲ್ಲೆಲ್ಲ ಸಣ್ಣವಳು. "ಒಂದ ಫೋಟೋ ಅಲ್ಲೇನವ್ವಾ" ಎಂದಳು. "ಮಂದಿ ಮೊದಲ್ನೇ ಬಸ್ಸಿಗೆ ಎದ್ದು ಬಂದಾರ."

ನನಗೂ ಹಾಗೇ ಅನ್ನಿಸಿತು. ಕೈ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಎಂಟು ದಿನ ಪರವಾನಿಗೆಗೆ ಆಫೀಸು, ಜಾಗಕ್ಕೆ ಮಂಟಪ ಅಂತ ತಿರುಗಿ ಕಾಲು ಸೋತಿದ್ದವು. "ತಗಿಯೋಣ ಅವ್ವಾ. ಮುಂದಿನ ವರ್ಷ ಹಚ್ಚೋಣಂತ" ಎಂದೆ.

ರೇಣುಕವ್ವ ನನ್ನನ್ನು ನೋಡಿದಳು, ಬೈಯಲಿಲ್ಲ. ಫೋಟೋ ಇಳಿಸಿ ಸೆರಗಿನಿಂದ ಒರೆಸಿದಳು. ಹುಚ್ಚೀರಪ್ಪ ಸಮಾಧಾನದ ಉಸಿರು ಬಿಟ್ಟ.

"ನೀವು ನಡಸ್ರಿ. ಆಕಿಗೆ ಒಳಗ ಜಾಗಾ ಇಲ್ಲಂದ್ರ ಆಕಿ ಜೋಡಿ ನಾನೂ ಹೊರಗ ಕುಂಡ್ರತೀನಿ."

ಕುಂಟುತ್ತ ಹೋಗಿ ಗೇಟಿನ ಹೊರಗಿನ ಮೆಟ್ಟಿಲ ಮೇಲೆ, ಫೋಟೋ ರಸ್ತೆಗೆ ಮುಖ ಮಾಡಿ ಇಟ್ಟುಕೊಂಡು ಕೂತಳು.

ಒಳಗೆ ಮೊದಲು ಎದ್ದವನು ದಾದಾಪೀರ. ಕೈಗೆ ಸಿಕ್ಕ ಫೋಟೋ ತೆಗೆದುಕೊಂಡು, ಹೆಲ್ಮೆಟ್ಟಿನಲ್ಲೇ ಹೊರಗೆ ನಡೆದ. ಆಮೇಲೆ ಸುಶ್ಮಿತಾ. ಆಮೇಲೆ ಎಲ್ಲರೂ. ನಾನು ಕೊನೆಯವಳು.

ಕಂಪೌಂಡಿನುದ್ದಕ್ಕೂ ಫೋಟೋ ಆನಿಸಿ ಬಿಸಿಲಲ್ಲಿ ಕೂತೆವು. ಬಸ್ಸು, ಆಟೋ, ಹತ್ತಿ ಹೇರಿದ ಲಾರಿ ಎಲ್ಲ ನಿಧಾನವಾದವು. ಹುಚ್ಚೀರಪ್ಪ ಗೇಟಿಗೆ ಬಂದ. ಅವತ್ತು ಮೊದಲ ಸಲ ಬೇ ಹಚ್ಚಿ, ಹೆಂಗಸರೊಡನೆ ಆಡುವಂತೆ ಮಾತಾಡಿದ.

"ಒಳಗ ಬರ್ರೀಬೇ. ಮಂದಿ ನೋಡಾಕತ್ತಾರ. ಬೇಕಾರ ಅದನ್ನೂ ಮೂಲ್ಯಾಗ ಹಚ್ರಿ."

"ಆಕಿ ನಿಮಗೇನಾಗಬೇಕು ಅಂತ ಒಮ್ಮಿ ನಿಮ್ಮ ಬಾಯಿಲೆ ಹೇಳ್ರಿ" ಎಂದಳು ರೇಣುಕವ್ವ. "ಬರ್ತೀವಿ."

ಅವನು ಬಾಯಿ ತೆರೆದ. ರಸ್ತೆಯ ಕಡೆ ನೋಡಿದ. "ಸಾಯ್ರಿ ಬಿಸಲಾಗ, ಬೋಳಿಮಕ್ಕಳ್ರಾ" ಎಂದು ಗೇಟು ಎಳೆದು ಬೀಗ ಹಾಕಿದ. ಹುಗ್ಗಿಯ ಪಾತ್ರೆ ಒಳಗೇ ಉಳಿಯಿತು.

ಹೋಗುವವರು ಬರುವವರು ನಿಂತು ಕೇಳಿದರು. ಕೆಲವರು ನಕ್ಕರು, ಒಬ್ಬ ಉಗುಳಿದ. ಕೇಳಿದವರಿಗೆಲ್ಲ ರೇಣುಕವ್ವ ಒಬ್ಬೊಬ್ಬರ ಹೆಸರು, ಊರು, ಸತ್ತ ಬಗೆ ಹೇಳಿದಳು. ಒಂದು ಗಂಟೆಯ ಹೊತ್ತಿಗೆ ಅವಳ ಗಂಟಲು ಕಟ್ಟಿತು.

ಸಂತೆಚೀಲ ಹಿಡಿದ ಒಬ್ಬ ಮುದುಕಿ ಆಟೋ ಇಳಿದು ಬಂದು, ನೀಲಾನ ಫೋಟೋದ ಮುಂದೆ ಬಗ್ಗಿದಳು.

"ಚಂದ ಅದಾಳಲ್ಲಬೇ. ಯಾರ ಮನ್ಯಾಕಿ?"

ರೇಣುಕವ್ವನ ತುಟಿ ಅಲುಗಿದವು, ದನಿ ಹೊರಡಲಿಲ್ಲ. ನನ್ನ ಕಡೆ ತಿರುಗಿದಳು. ಮಂಟಪದ ಮೇಲಿದ್ದ ತನ್ನ ಮನೆಯ ಕಿಟಕಿಯಲ್ಲಿ ಹುಚ್ಚೀರಪ್ಪ ನಿಂತಿದ್ದ. ನಾನು ಎದ್ದೆ. ಅವನಿಗೂ ಕೇಳುವಂತೆ ಹೇಳಿದೆ:

"ನೀಲಾ ಅಂತ್ರಿ ಅಮ್ಮಾ. ಇದ ಮನ್ಯಾಕಿ. ಹುಚ್ಚೀರಪ್ಪ ಸಾವಕಾರ್ರ ಅಕ್ಕ."

ಮುದುಕಿ ತಲೆಯೆತ್ತಿ ಕಿಟಕಿ ನೋಡಿದಳು. ಅವನು ಕಿಟಕಿ ಹಾಕಿಕೊಂಡ.

ಇನ್ನೊಂದು ಆಟೋ ಬಂದು ನಿಂತಿತು. ನಾನು ನಿಂತೇ ಇದ್ದೆ.