ಐದೇ ನಿಮಿಷದ ದಾರಿ

ವಾಚ್ ರಿಪೇರಿ ಅಂಗಡಿಯ ಯಜಮಾನರಿಗೆ ಏಣಿಯ ಮೂರನೇ ಮೆಟ್ಟಿಲು ಹತ್ತಿದರೇ ಜೀವ ಬಾಯಿಗೆ ಬರುತ್ತದೆ. ಅಂಥವರನ್ನು ವಿಮಾನ ಹತ್ತಿಸುವುದು ಹೇಗೆಂಬುದೇ ಹೆಂಡತಿಯ ಚಿಂತೆ. ಗಡಿಯಾಚೆಯ ಊರಿನಲ್ಲಿ ಮಗಳು ಹೆತ್ತು ಮೂರು ತಿಂಗಳಾಗಿತ್ತು. ಮೊಮ್ಮಗಳ ಮುಖವನ್ನು ಇಬ್ಬರೂ ಫೋನಿನಲ್ಲಷ್ಟೇ ಕಂಡಿದ್ದರು. ರೈಲು, ಬಸ್ಸು ಎಂದರೆ ಬೆಟ್ಟ ಬಳಸಿ ಎರಡು ದಿನ. ಯಜಮಾನರ ಸೊಂಟ ಅಷ್ಟು ತಡೆಯದು. ವಿಮಾನದ ಮಾತೆತ್ತಿದರೆ ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿದೆ ಎನ್ನುತ್ತಿದ್ದರು. ರಾಶಿ ಎಂದರೆ ಎರಡು ಟೈಂಪೀಸು, ಅದರಲ್ಲೊಂದು ಮನೆಯದೇ.

ಮಗಳು ಟಿಕೆಟ್ ಕಳಿಸಿದಳು. ಹೊರಡುವುದು ಹತ್ತಕ್ಕೆ, ತಲುಪುವುದು ಹತ್ತು ಗಂಟೆ ಐದು ನಿಮಿಷಕ್ಕೆ. ಆ ಊರಿನ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ, ಆರುನೂರು ಕಿಲೋಮೀಟರ್ ಹಾರಲು ನಿಜವಾಗಿ ಒಂದು ಗಂಟೆಯ ಮೇಲೇ ಬೇಕು ಎಂದು ಅಮ್ಮನಿಗೆ ಬಿಡಿಸಿ ಹೇಳಿದ್ದಳು. ಅಮ್ಮ ತನ್ನ ಗಂಡನಿಗೆ ಅಷ್ಟನ್ನು ಹೇಳಲಿಲ್ಲ.

"ನೋಡ್ರೀ, ಐದೇ ನಿಮಿಷ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಇಳಿದಿರ್ತೀವಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮೊಮ್ಮಗಳಿಗಾಗಿ ಒಂದಾದರೂ ಹೇಳಬಾರದೇ? ಯಜಮಾನರು ಕನ್ನಡಕ ಏರಿಸಿ ಟಿಕೆಟ್ಟನ್ನು ಬಹಳ ಹೊತ್ತು ನೋಡಿದರು. ಐದು ನಿಮಿಷ ತಾನೇ, ಹೋಗೋಣ ಬಿಡು ಎಂದರು.

ವಿಮಾನ ಮೇಲೇರಿದ ಮೇಲೆ ಹೆದರಿಕೆ ಹೆಂಡತಿಯ ಪಾಲಿಗೆ ಬಂತು. ಐದು ನಿಮಿಷ ಕಳೆಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಯಜಮಾನರು ಸೀಟಿನ ಕೈ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಈಗ ಕಣ್ಣು ಬಿಟ್ಟು ವಾಚು ನೋಡಿಕೊಂಡರೆ ಏನು ಗತಿ? ನಡುದಾರಿಯಲ್ಲಿ ಇಳಿಯುತ್ತೇನೆ ಎನ್ನಲು ಇದೇನು ಬಸ್ಸೇ? ಗಗನಸಖಿ ಚಹಾ ತಂದಾಗ, ಗಂಡ ಎಲ್ಲಿ ಕಣ್ಣು ಬಿಡುತ್ತಾರೋ ಎಂದು ಆಕೆ ಸನ್ನೆಯಲ್ಲೇ ಬೇಡವೆಂದಳು. ತನ್ನನ್ನು ನಂಬಿ ಬಂದ ಮನುಷ್ಯನಿಗೆ ಹೀಗೆ ಮಾಡಬಾರದಿತ್ತು ಎಂದುಕೊಂಡಳು.

ಅಂತೂ ವಿಮಾನ ಇಳಿದು ನಿಂತಿತು. ಯಜಮಾನರು ಕಣ್ಣು ತೆರೆದು, ಹಣೆಯ ಬೆವರು ಒರೆಸಿಕೊಂಡು, ಕೈಗಡಿಯಾರ ಬಿಚ್ಚಿದರು. ಅದರಲ್ಲಿ ಹನ್ನೊಂದು ದಾಟಿ ಐದು ನಿಮಿಷ. ಯಾರೂ ಏನೂ ಹೇಳುವ ಮೊದಲೇ ಉಗುರಿನಿಂದ ಪಕ್ಕದ ತಿರುಪು ಎಳೆದು, ಮುಳ್ಳನ್ನು ಸರಿಯಾಗಿ ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಹೆಂಡತಿಯ ಮುಂದೆ ಹಿಡಿದರು.

"ನೋಡು, ನೀನು ಹೇಳಿದ ಹಾಗೇ ಐದೇ ನಿಮಿಷ."

ಆಕೆಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. "ನಿಮಗೆ ಮೊದಲೇ ಗೊತ್ತಿತ್ತಾ?"

"ನನ್ನ ಹೊಟ್ಟೆಪಾಡೇ ಗಡಿಯಾರ ಕಣೇ. ಆದ್ರೆ ನೀನು ಐದು ನಿಮಿಷ ಅನ್ನದೇ ಇದ್ದಿದ್ರೆ, ನಂಗೆ ಹತ್ತೋಕೆ ಧೈರ್ಯ ಬರ್ತಿರ್ಲಿಲ್ಲ."

ಹೊರಗೆ ಮಗಳು ಕೂಸನ್ನು ಅಜ್ಜನ ತೋಳಿಗೆ ಕೊಟ್ಟಳು. ಕೂಸು ವಾಚಿನ ಪಟ್ಟಿಯನ್ನು ಹಿಡಿದೆಳೆದು ಬಾಯಿಗಿಟ್ಟುಕೊಂಡಿತು. ಯಜಮಾನರು ಬಿಡಿಸಿಕೊಳ್ಳಲಿಲ್ಲ. ವಾಪಸಿನ ಟಿಕೆಟ್ ಯಾವತ್ತಿಗೆ ಮಾಡಲಿ ಎಂದು ಮಗಳು ಕೇಳಿದಳು.

"ಹೋಗೋವಾಗಿನ ಟಿಕೆಟ್‌ನಲ್ಲಿ ಎರಡು ಗಂಟೆ ಅಂತ ಇರುತ್ತಲ್ಲಮ್ಮ. ಅಷ್ಟು ದೂರ ನನ್ನ ಕೈಲಾಗಲ್ಲ. ನಿಧಾನಕ್ಕೆ ನೋಡೋಣ."