ಮುಚ್ಚಳ ಬಿಗಿದ ಬಾಟಲಿ

ನಮ್ಮ ಕ್ಯಾಂಪಿನಲ್ಲಿ ನೀರು ಬೇಗ ಕುದಿಯುತ್ತದೆ, ಆಲೂಗೆಡ್ಡೆ ಮಾತ್ರ ಬೇಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಒಲೆಗಿಟ್ಟ ಕುರಿಮಾಂಸ ಮಧ್ಯಾಹ್ನವಾದರೂ ಹಲ್ಲಿಗೆ ಬಗ್ಗುವುದಿಲ್ಲ. ಬೈಸಿಕೊಳ್ಳುವವಳು ನಾನು, ಅಡುಗೆಯ ಅನಾರ್ಕುಲ್.

“ಅಕ್ಕಾ, ಇದು ಕುರಿನೋ, ಕುರಿ ಕಾಯೋನ ಬೂಟೋ?” ಎಂದು ದಿನಾ ರೇಗಿಸುತ್ತಿದ್ದವನು ತಿಲೆಕ್. ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವವನು. ಆ ಮಂಗಳವಾರ ಅವನು ರೇಗಿಸಲಿಲ್ಲ. ಸೂಪು ಮುಟ್ಟದೆ ಎದೆ ಹಿಡಿದುಕೊಂಡು ಕೂತ. ಉಸಿರೆಳೆದಾಗಲೆಲ್ಲ ಒಳಗೆ ಗುಳುಗುಳು ಸದ್ದು. ಉಗುರು ನೀಲಿಗಟ್ಟಿತ್ತು.

ಕುರಿ ಮೇಯಿಸುವ ನಮ್ಮ ಜನಕ್ಕೆ ಈ ಕಾಯಿಲೆ ಹೊಸದಲ್ಲ. ತುತೆಕ್ ಅನ್ನುತ್ತೇವೆ. ಎತ್ತರಕ್ಕೆ ಹೋದಾಗ ಗಾಳಿ ಸಾಲದೆ ಮನುಷ್ಯನಿಗೂ ಬರುತ್ತದೆ, ಕುದುರೆಗೂ ಬರುತ್ತದೆ. ಹಿಂದಿನ ದಿನ ಅವನು ತಲೆನೋವು ಅಂದಾಗ ನನ್ನಜ್ಜಿಯ ಹಾಗೆ ಬೆಳ್ಳುಳ್ಳಿ, ಒಣಮೊಸರಿನ ಉಂಡೆ ಕೊಟ್ಟು ಮಲಗಿಸಿದ್ದೆ. ಅಜ್ಜಿ ಅದನ್ನು ಕೊಟ್ಟು ಕೂಡಲೇ ಕುದುರೆ ಹತ್ತಿಸಿ ಕೆಳಗಿಳಿಸುತ್ತಿದ್ದಳು. ನಾನು ಅದನ್ನೇ ಮರೆತೆ. ಒಂದು ದಿನ ನನ್ನ ಕೈಯಾರೆ ಹಾಳಾಯಿತು.

ಮ್ಯಾನೇಜರ್ ಮರ್ಲೆನ್ ಬಳಿ ಓಡಿದೆ.

“ಟ್ರಕ್ ಕೊಡಿ ಸಾಹೇಬ್ರೇ. ತಿಲೆಕ್ ಉಳಿಯಲ್ಲ.”

“ಶೀತ ಆಗಿದೆ ಅಷ್ಟೆ. ಮಾತ್ರೆ ಕೊಡ್ಸಿದೀನಲ್ಲ?”

“ಶೀತ ಅಲ್ಲ ಇದು. ಎದೆಯೊಳಗೆ ನೀರು ತುಂಬ್ತಿದೆ.”

“ನೀನ್ಯಾವಾಗ ಡಾಕ್ಟರಾದೆ? ಮೂರೂವರೆ ಸಾವಿರ ಮೀಟರ್ ದಾಟಿದ್ರೆ ಮಾತ್ರ ತಕ್ಷಣ ಇಳಿಸ್ಬೇಕು ಅಂತ ನಿಯಮ. ಗೇಟಿನ ಬೋರ್ಡ್ ಓದಕ್ಕೆ ಬರಲ್ವಾ?”

ಬೋರ್ಡಿನಲ್ಲಿ ದಪ್ಪಕ್ಷರದಲ್ಲಿತ್ತು: ೩೧೦೦ ಮೀಟರ್. ಅದು ಸುಳ್ಳೆಂದು ನನ್ನ ಬೇಯದ ಆಲೂಗೆಡ್ಡೆಯೇ ಹೇಳುತ್ತಿತ್ತು. ನಿಜವಾದ ಎತ್ತರ ಬರೆದಿದ್ದರೆ ಕಂಪನಿಯವರು ಡಾಕ್ಟರು, ಆಮ್ಲಜನಕದ ಸಿಲಿಂಡರು, ಸದಾ ಸಿದ್ಧವಿರುವ ಗಾಡಿ, ಎಲ್ಲವನ್ನೂ ಕೊಡಬೇಕಿತ್ತು.

ಕೆಲಸ ಹೋದೀತೆಂಬ ಭಯ ಇರಲಿಲ್ಲವೆಂದರೆ ಸುಳ್ಳು. ಆದರೆ ಆ ಗುಳುಗುಳು ಸದ್ದು ನಿಂತುಹೋದೀತೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಊರಿನ ಶಾಲೆ ಮುಚ್ಚುವವರೆಗೆ ಹದಿನೆಂಟು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಅದಿರು ಪರೀಕ್ಷಿಸುವ ಲ್ಯಾಬಿನಿಂದ ಥರ್ಮಾಮೀಟರ್ ತಂದು, ಊಟಕ್ಕೆ ಕೂತವರೆಲ್ಲರ ಎದುರು ಕುದಿಯುವ ಹಂಡೆಗೆ ಇಳಿಸಿದೆ.

“ಓದ್ರೋ ಯಾರಾದ್ರೂ.”

“ಎಂಬತ್ತೇಳು,” ಅಂದ ಟ್ರಕ್ ಓಡಿಸುವ ಕುಬಾತ್.

“ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. ಒತ್ತಡ ಕಮ್ಮಿ ಆದ್ರೆ ನೀರು ಪೂರ್ತಿ ಕಾಯೋಕ್ಮುಂಚೆನೇ ಕುದಿಯುತ್ತೆ. ಬೋರ್ಡ್ ನಿಜ ಆಗಿದ್ರೆ ತೊಂಬತ್ತರ ಹತ್ರ ತೋರಿಸ್ಬೇಕಿತ್ತು. ನಾವಿರೋದು ಮೂರು ಸಾವಿರದ ಒಂಬೈನೂರರಲ್ಲಿ ಕಣ್ರೋ.”

ಕೆಲವರು ಚಮಚ ಕೆಳಗಿಟ್ಟು ಹಂಡೆಯ ಸುತ್ತ ಮುತ್ತಿದರು.

“ಹಂಗಾದ್ರೆ ನನ್ ತಲೆನೋವೂ...” ಎಂದು ಮೂಲೆಯಲ್ಲಿದ್ದವನು ಹಣೆ ಒತ್ತಿಕೊಂಡ.

ಕುಬಾತ್ ಎದ್ದ. “ಕೀ ನನ್ ಹತ್ರ ಇದೆ. ಎತ್ರೋ ಅವನ್ನ!”

ಹೊರಡುವ ಮುಂಚೆ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿಕೊಂಡೆ. ಗೇಟಿನಲ್ಲಿ ಮರ್ಲೆನ್ ಅಡ್ಡ ನಿಂತ. ಕುಬಾತ್ ಗಾಡಿ ನಿಲ್ಲಿಸಲಿಲ್ಲ, ಮರ್ಲೆನ್ನೇ ಪಕ್ಕಕ್ಕೆ ಸರಿದ.

ತಿಲೆಕ್‌ನ ತಲೆ ನನ್ನ ತೊಡೆಯ ಮೇಲಿತ್ತು. ತುಟಿಯಲ್ಲಿ ನಸುಗೆಂಪು ನೊರೆ.

“ಅಕ್ಕಾ, ಸಾಯ್ತೀನಾ?”

“ಬಾಯ್ಮುಚ್ಕೊಂಡು ಬಿದ್ಕೋ. ಸರಿಯಾಗಿ ಬೆಂದ ಮಾಂಸ ತಿನ್ನಿಸ್ದೆ ನಿನ್ನ ಎಲ್ಲಿಗೂ ಕಳ್ಸಲ್ಲ.”

ಹೇಳಿದೆ, ಆದರೆ ನನಗೇ ನಂಬಿಕೆ ಇರಲಿಲ್ಲ. ತಿರುವಿನಲ್ಲಿ ಪಕ್ಕದಲ್ಲೇ ಏನೋ ಚಟ್ಟೆಂದಿತು. ಅವನ ಪಕ್ಕೆಲುಬೇ ಮುರಿಯಿತೆಂದು ಕಿರುಚಿಬಿಟ್ಟೆ. ಚೀಲದಲ್ಲಿದ್ದ ಬಾಟಲಿ ಅದು. ಕೆಳಗಿನ ದಟ್ಟ ಗಾಳಿ ಅದನ್ನು ಹೊರಗಿನಿಂದ ಹಿಚುಕುತ್ತಿತ್ತು.

ಪಟ್ಟಣದ ಮೇಲೆ ಕಲ್ಲಿದ್ದಲ ಹೊಗೆ ಕವಿದಿತ್ತು. ಆ ಕೊಳಕು ಗಾಳಿಯೇ ನಮಗೆ ದೇವರಾಯಿತು. ಆಸ್ಪತ್ರೆಯಲ್ಲಿ ಮೂರು ದಿನ ಮುಖಕ್ಕೆ ಆಮ್ಲಜನಕ ಕಟ್ಟಿದ ಮೇಲೆ ತಿಲೆಕ್ ಕಣ್ಣುಬಿಟ್ಟ.

ಮೇಲೆ ಇನ್ನೂ ನೂರಾರು ಜನ ಇದ್ದರು. ಮುಂದಿನ ವಾರ ಕಾರ್ಮಿಕ ಇಲಾಖೆಗೆ ಹೋಗಿ ಬಾಟಲಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟೆ.

“ನೀರಲ್ಲಿ ಮುಳುಗಿಸಿ ಅಳೆದಿದೀನಿ ಸಾಹೇಬ್ರೇ. ಮೂರರಲ್ಲೊಂದು ಪಾಲು ಕುಗ್ಗಿದೆ. ಬೋರ್ಡ್ ನಿಜ ಆಗಿದ್ರೆ ಕಾಲು ಭಾಗನೂ ಕುಗ್ತಿರಲಿಲ್ಲ. ಮುಚ್ಚಳ ಮಾತ್ರ ತೆಗೀಬೇಡಿ, ಒಳಗಿರೋದು ಅಲ್ಲಿಯ ಗಾಳಿ.”

ಅವನು ನನ್ನ ಮುಖ ನೋಡುತ್ತಲೇ ಮುಚ್ಚಳ ತಿರುಗಿಸಿದ. ಪುಸ್ಸೆಂದು ಗಾಳಿ ಒಳನುಗ್ಗಿತು. ಬಾಟಲಿ ಉಬ್ಬಿ ಮೊದಲಿನಂತಾಯಿತು.

“ಎಲ್ಲಮ್ಮಾ ಕುಗ್ಗಿದೆ? ಸರಿಯಾಗೇ ಇದೆಯಲ್ಲ!” ಎಂದು ನಕ್ಕ.

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಎದ್ದು ಬಾಗಿಲು ತೆರೆದೆ.

ಮೆಟ್ಟಿಲ ತುಂಬ ಆ ವಾರ ಪಾಳಿ ಮುಗಿಸಿ ಇಳಿದವರು ನಿಂತಿದ್ದರು. ಕುಬಾತ್ ಎಲ್ಲರಿಗೂ ಹೇಳಿಬಂದಿದ್ದ. ಒಬ್ಬೊಬ್ಬರ ಕೈಯಲ್ಲೂ ಕ್ಯಾಂಪಿನಲ್ಲೇ ಮುಚ್ಚಳ ಬಿಗಿದು ತಂದ, ನಜ್ಜುಗುಜ್ಜಾದ ಬಾಟಲಿ.

“ಬನ್ನಿ ಸಾಹೇಬ್ರೇ,” ಅಂದೆ. “ಎಷ್ಟು ಮುಚ್ಚಳ ತೆಗೀತೀರೋ ನೋಡೇ ಬಿಡೋಣ.”